‘ಮೈಕೋಸಿಸ್ ಫಂಗಾಯ್ಡಿಸ್’: ವ್ಯುತ್ಪತ್ತಿ ಮತ್ತು ಅರ್ಥ

ವೈದ್ಯಕೀಯ ಪದಗಳ ಕನ್ನಡೀಕರಣದಲ್ಲಿ ವ್ಯುತ್ಪತ್ತಿಯನ್ನೇ ನೆಚ್ಚುವುದು ಎಷ್ಟು ಅಪಾಯಕರವೆಂಬುದಕ್ಕೆ ‘ಮೈಕೋಸಿಸ್ ಫಂಗಾಯ್ಡಿಸ್’ ನಿದರ್ಶನವಾಗಿದೆ. ಫ್ರಾನ್ಸಿನ ಚರ್ಮವೈದ್ಯ ಅಲಿಬೇರ್ 1806ರಲ್ಲಿ ಈ ವಿರಳ ರೋಗವನ್ನು ವರ್ಣಿಸಿದರು; ಗಡ್ಡೆಗಳು ಅಣಬೆಯನ್ನು ಹೋಲುತ್ತಿದ್ದುದರಿಂದ 1832ರಲ್ಲಿ ಈ ಹೆಸರನ್ನಿತ್ತರು. ಗ್ರೀಕಿನ ‘ಮೈಕೆಸ್’, ಲ್ಯಾಟಿನ್ನಿನ ‘ಫಂಗಸ್’ ಎರಡರ ಅರ್ಥವೂ ಅಣಬೆಯೇ. ಆದರೆ ಈ ರೋಗಕ್ಕೆ ಶಿಲೀಂಧ್ರವು ಕಾರಣವಲ್ಲ. ಇದು ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಚರ್ಮದಲ್ಲಿ ಉಂಟುಮಾಡುವ ಕ್ಯಾನ್ಸರು. ಹೋಲಿಕೆಯಿಂದ ಹುಟ್ಟಿದ ಹೆಸರನ್ನು ‘ಶಿಲೀಂಧ್ರರೋಗ’ವೆಂದು ಅನುವಾದಿಸಿದರೆ ಉಪಮೆಯೇ ನಿದಾನವಾಗಿಬಿಡುತ್ತದೆ. ಆರಂಭದಲ್ಲಿ ಇಸುಬಿನಂತೆ ಕಾಣುವ ಈ ರೋಗಕ್ಕೆ ಅಂತಹ ಹೆಸರು ರೋಗಿಯನ್ನು ಮುಲಾಮಿನಲ್ಲೇ ತಡೆದು ನಿಲ್ಲಿಸೀತು. ಆದುದರಿಂದ ಮೂಲಪದವನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಂಡು, ‘ಚರ್ಮದ ಟಿ-ಕೋಶ ಲಿಂಫೋಮಾದ ಒಂದು ಬಗೆ’ ಎಂಬ ವಿವರಣೆಯನ್ನು ಜೊತೆಗಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.