ಷರತ್ತುವಾಕ್ಯ, ಉಪಾಧಿ, ಪ್ರತ್ಯಯ: ಒಂದು ತಾರ್ಕಿಕ ವಿವರಣೆಯ ಪರಿಶೀಲನೆ

ಮನುಷ್ಯರು ತರ್ಕಬದ್ಧವಾಗಿ ಆಲೋಚಿಸುವುದಿಲ್ಲವೆಂಬ ಮನೋವಿಜ್ಞಾನದ ಆಕ್ಷೇಪಕ್ಕೆ ಕೀತ್ ಸ್ಟೆನಿಂಗ್ ಮತ್ತು ಮಿಖೀಲ್ ವಾನ್ ಲಂಬಾಲ್ಗೆನ್ ತಮ್ಮ ‘ಹ್ಯೂಮನ್ ರೀಸನಿಂಗ್ ಅಂಡ್ ಕಾಗ್ನಿಟಿವ್ ಸೈನ್ಸ್’ (2008) ಗ್ರಂಥದಲ್ಲಿ ಕೊಟ್ಟ ಉತ್ತರ ನೇರವಾದುದು: ದೋಷ ಆಲೋಚಿಸುವವರದ್ದಲ್ಲ, ಅವರನ್ನು ಅಳೆಯಲು ಬಳಸಿದ ತರ್ಕದ್ದು. ಅನುಮಾನಕ್ಕೆ ಮುನ್ನ ಕೇಳುಗನು ಮಾತಿಗೊಂದು ಅರ್ಥನಿರೂಪಣೆಯನ್ನು ಕಟ್ಟಿಕೊಳ್ಳಬೇಕು. ಆ ಕಟ್ಟುವಿಕೆಯೂ ಆಲೋಚನೆಯೇ, ಅದಕ್ಕೂ ತರ್ಕವುಂಟು. ಈ ನಿಲುವನ್ನು ನಾವು ಒಪ್ಪುತ್ತೇವೆ. ನಮ್ಮ ತಕರಾರು ಮುಂದಿನ ಹೆಜ್ಜೆಯ ಬಗೆಗೆ.

ಗ್ರಂಥದ ಮುಖ್ಯ ಆಧಾರಗಳಲ್ಲೊಂದು ರೂತ್ ಬರ್ನ್ 1989ರಲ್ಲಿ ಪ್ರಕಟಿಸಿದ ಪ್ರಯೋಗ. ‘ಬರೆಯಬೇಕಾದ ಪ್ರಬಂಧವಿದ್ದರೆ ಅವಳು ಗ್ರಂಥಾಲಯದಲ್ಲಿ ತಡವಾಗುವವರೆಗೆ ಓದುತ್ತಾಳೆ, ಪ್ರಬಂಧವಿದೆ’ ಎಂದಾಗ ಶೇ. 96ರಷ್ಟು ಮಂದಿ ‘ಓದುತ್ತಾಳೆ’ ಎಂಬ ನಿಗಮನಕ್ಕೆ ಬಂದರು. ‘ಗ್ರಂಥಾಲಯ ತೆರೆದಿದ್ದರೆ ಓದುತ್ತಾಳೆ’ ಎಂಬ ಇನ್ನೊಂದು ವಾಕ್ಯ ಸೇರಿದೊಡನೆ ಈ ಪ್ರಮಾಣ ಶೇ. 38ಕ್ಕೆ ಕುಸಿಯಿತು. ಅದರ ಬದಲು ‘ಓದಬೇಕಾದ ಪಠ್ಯಪುಸ್ತಕವಿದ್ದರೆ’ ಎಂಬುದನ್ನು ಸೇರಿಸಿದಾಗ ಕುಸಿಯಲಿಲ್ಲ. ಲೇಖಕರ ಪ್ರಕಾರ ಷರತ್ತುವಾಕ್ಯವು ‘ಅಡ್ಡಿಯೇನೂ ಇಲ್ಲದಿದ್ದಲ್ಲಿ’ ಎಂಬ ಗುಪ್ತ ಉಪಾಧಿಯನ್ನು ಹೊತ್ತಿರುತ್ತದೆ; ಅಡ್ಡಿಯ ಸುಳಿವಿಲ್ಲದಾಗ ಅದಿಲ್ಲವೆಂದೇ ಭಾವಿಸುತ್ತೇವೆ; ಗ್ರಂಥಾಲಯದ ವಾಕ್ಯ ಆ ಸುಳಿವನ್ನು ಕೊಡುತ್ತದೆ. (ಬೆಂಕಿಯಿಂದ ಹೊಗೆಯನ್ನು ಅನುಮಾನಿಸುವಲ್ಲಿ ಹಸಿ ಸೌದೆಯೆಂಬ ಉಪಾಧಿಯನ್ನು ಎತ್ತಿ ತೋರಿಸಿದ ನೈಯಾಯಿಕರಿಗೆ ಇದು ತೀರ ಅಪರಿಚಿತವೆನಿಸದು.) ಈ ಲೆಕ್ಕಾಚಾರ ನರಜಾಲದ ಮಾದರಿಯಲ್ಲಿ ನಡೆಯಬಲ್ಲುದೆಂದು ತೋರಿಸಿರುವುದು ಗ್ರಂಥದ ದೊಡ್ಡ ಸಾಧನೆ. ತರ್ಕಶಾಸ್ತ್ರ ಮತ್ತು ಸಂಜ್ಞಾನ ವಿಜ್ಞಾನಗಳು ಇಲ್ಲಿ ಬರಿಯ ನೆರೆಹೊರೆಯವರಾಗಿ ಉಳಿದಿಲ್ಲ.

ಆದರೆ ಎರಡನೆಯ ವಾಕ್ಯ ಸೂಚಿಸುವುದು ಅಡ್ಡಿಯನ್ನೋ ಪರ್ಯಾಯ ಕಾರಣವನ್ನೋ ಎಂಬುದು ನಿರ್ಧಾರವಾಗುವುದೆಲ್ಲಿ? ಪ್ರಯೋಗದ ಇಂಗ್ಲಿಷ್ ವಾಕ್ಯಗಳಲ್ಲಿ ಎರಡರ ರೂಪವೂ ಒಂದೇ. ಹೀಗಾಗಿ ನಿರ್ಧಾರ ಬಹುಪಾಲು ಲೋಕಜ್ಞಾನದ ಪಾಲಾಗುತ್ತದೆ, ಸೂತ್ರೀಕರಣವನ್ನು ಸಂಶೋಧಕರೇ ಕೈಯಾರೆ ಮಾಡಬೇಕಾಗುತ್ತದೆ. ವಿವರಿಸಬೇಕಾದುದರ ಅರ್ಧಭಾಗ ತರ್ಕದ ಹೊಸ್ತಿಲಾಚೆಗೇ ನಿಂತುಬಿಡುತ್ತದೆ.

ಇದೇ ವಾಕ್ಯಗಳನ್ನು ಕನ್ನಡದಲ್ಲಿ ಹೇಳಿ ನೋಡೋಣ. ‘ಗ್ರಂಥಾಲಯ ತೆರೆದಿದ್ದರೆ ಮಾತ್ರ’ ಎಂದೂ ‘ಪಠ್ಯಪುಸ್ತಕವಿದ್ದರೂ’ ಎಂದೂ ನುಡಿಯುವುದು ನಮಗೆ ಸಹಜ. ಬರಿಯ ‘-ರೆ’ಯನ್ನೇ ಎರಡು ಬಾರಿ ಬಳಸಿದಲ್ಲಿ ಅದು ಪ್ರಶ್ನೆಪತ್ರಿಕೆಯ ಭಾಷೆಯಂತೆ ಕೇಳಿಸುತ್ತದೆ. ಇಂಗ್ಲಿಷಿಗೆ ಇಂಥ ಸಾಧನಗಳಿಲ್ಲವೆಂದಲ್ಲ. ಪ್ರಯೋಗದಲ್ಲಿ ಅವಕ್ಕೆ ಎಡೆಯಿರಲಿಲ್ಲ. ‘-ರೂ’ ಇನ್ನೂ ಕುತೂಹಲಕರ. ‘ಮಳೆ ಬಂದರೂ ಹೋಗುತ್ತಾಳೆ’ ಎಂಬಲ್ಲಿ ಅದು ಅಡ್ಡಿಯೊಂದನ್ನು ಹೆಸರಿಸಿ ತಳ್ಳಿಹಾಕುತ್ತದೆ. ‘ಪ್ರಬಂಧವಿದ್ದರೂ ಓದುತ್ತಾಳೆ, ಪಠ್ಯಪುಸ್ತಕವಿದ್ದರೂ ಓದುತ್ತಾಳೆ’ ಎಂಬಲ್ಲಿ ಕಾರಣಕ್ಕೆ ಕಾರಣವನ್ನು ಕೂಡಿಸುತ್ತದೆ. ಪ್ರತ್ಯಯ ಒಂದೇ, ಉಪಾಧಿಯ ಮೇಲಿನ ಅದರ ಪರಿಣಾಮ ಎರಡು. ವ್ಯಾಕರಣ ಎಲ್ಲವನ್ನೂ ನಿರ್ಧರಿಸುತ್ತದೆಂದು ನಾವು ಹೇಳಲಾರೆವು. ಅದು ಆಯ್ಕೆಯ ಕ್ಷೇತ್ರವನ್ನು ಕಿರಿದುಗೊಳಿಸುತ್ತದೆ, ಗ್ರಂಥದ ಸೂತ್ರಗಳಲ್ಲಿ ಅದಕ್ಕೆ ಸ್ಥಾನವಿಲ್ಲ.

ಇದನ್ನು ಪರೀಕ್ಷಿಸಬಹುದು. ಲೋಕಜ್ಞಾನ ನೆರವಿಗೆ ಬಾರದ ಅಪರಿಚಿತ ವಿಷಯವನ್ನು ಆಯ್ದು, ಎರಡನೆಯ ವಾಕ್ಯದಲ್ಲಿ ‘-ರೆ ಮಾತ್ರ’ ಮತ್ತು ‘-ರೂ’ಗಳನ್ನಷ್ಟೇ ಬದಲಿಸಿ ಕನ್ನಡಿಗರ ಮುಂದಿಡಬೇಕು. ನಿಗಮನ ಮೊದಲನೆಯದರೊಡನೆ ಕುಸಿದು ಎರಡನೆಯದರೊಡನೆ ಉಳಿದುಕೊಂಡರೆ, ಅರ್ಥನಿರೂಪಣೆಯ ತರ್ಕದಲ್ಲಿ ಪ್ರತ್ಯಯಗಳಿಗೂ ನಿಯಮ ಬರೆಯಬೇಕಾಗುತ್ತದೆ. ಎರಡೂ ಕಡೆ ಒಂದೇ ಫಲ ಬಂದರೆ ನಮ್ಮ ತಕರಾರು ಬಿದ್ದುಹೋಗುತ್ತದೆ.