ಕಲ್ಯಾಣದ ನೆಲ: ಕಾವ್ಯದಲ್ಲಿ ಮತ್ತು ಕಾಯಕದಲ್ಲಿ

ಬಸವಕಲ್ಯಾಣ-ಹುಮನಾಬಾದ್ ಪ್ರಾಂತವನ್ನು ‘ಮರುಭೂಮಿ’ಯೆಂದು ಬಣ್ಣಿಸುವ ವಾಡಿಕೆ ನಮ್ಮ ಭಾಷಣಗಳಲ್ಲಿಯೂ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಆಗಾಗ ಕಾಣಬರುತ್ತದೆ. ಬೇಸಗೆಯಲ್ಲಿ ಈ ಬಯಲನ್ನು ಕಂಡವರಿಗೆ ಆ ಮಾತು ಸಹಜವೆಂದೇ ತೋರಬಹುದು. ಆದರೆ ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಮೆ ಮಳೆ ಬೀಳುವ ನಾಡನ್ನು ಮರುಭೂಮಿಯೆನ್ನುವುದು ಭೂಗೋಳಶಾಸ್ತ್ರದ ರೂಢಿ; ಬೀದರ ಜಿಲ್ಲೆಯ ಸರಾಸರಿ ಮಳೆ 800 ಮಿಲಿಮೀಟರಿಗೆ ಮೇಲ್ಪಟ್ಟದ್ದು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದೂ, ವರ್ಷದಿಂದ ವರ್ಷಕ್ಕೆ ಅದು ಏರುಪೇರಾಗುವುದೂ ಇಲ್ಲಿಯ ಕಷ್ಟ. ಆದ್ದರಿಂದ ಇದು ನೀರಿಲ್ಲದ ನಾಡಲ್ಲ; ಬಂದ ನೀರನ್ನು ಹಿಡಿದಿಡಬೇಕಾದ ನಾಡು.

ಈ ಭೇದವನ್ನು ನಮ್ಮ ಸಾಹಿತ್ಯಾಧಾರಗಳು ಎಷ್ಟರಮಟ್ಟಿಗೆ ಬಲ್ಲವು? ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ ಕಲ್ಯಾಣ ನಗರವನ್ನು ಹೊಗಳಿದ್ದಾನೆ. ಆ ವರ್ಣನೆಯ ಸೊಗಸು ನಿಜವಾದದ್ದೇ. ಆದರೆ ಅದು ಮಹಾಕಾವ್ಯದ ನಗರವರ್ಣನೆಯ ಕಟ್ಟಳೆಗೆ ಒಳಪಟ್ಟದ್ದು. ಕರಿಮಣ್ಣು ಹೀರಿಟ್ಟುಕೊಂಡ ತೇವದಿಂದಲೇ ಬೆಳೆಯುವ ಹಿಂಗಾರಿ ಜೋಳವನ್ನು ಅದರಲ್ಲಿ ಹುಡುಕಹೋಗುವುದು ಕವಿಗೆ ಮಾಡುವ ಅನ್ಯಾಯ. ಆ ವರ್ಣನೆಯನ್ನೇ ಜನಜೀವನದ ಚಿತ್ರವೆನ್ನುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಶರಣರ ಪರಂಪರೆ ನಮ್ಮನ್ನು ನೆಲಕ್ಕೆ ಹೆಚ್ಚು ಸಮೀಪ ಕರೆದೊಯ್ಯುತ್ತದೆ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದವನು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದವನು. ಒಂದು ದಿನ ಹೆಚ್ಚಾಗಿ ತಂದುದನ್ನು ಹಿಂದಿರುಗಿಸೆಂದವಳು ಲಕ್ಕಮ್ಮ. ಈ ಕಥೆಯನ್ನು ನಾವು ನಿರ್ಲೋಭದ ನೀತಿಯಾಗಿ ಮಾತ್ರ ಬೋಧಿಸುತ್ತೇವೆ. ಜೋಳದ ಸೀಮೆಯಲ್ಲಿ ಅಕ್ಕಿಗಿದ್ದ ಬೆಲೆಯನ್ನು ನೆನೆದರೆ ಆ ತ್ಯಾಗದ ತೂಕ ಇನ್ನಷ್ಟು ತಿಳಿಯುತ್ತದೆ. ಆದರೂ ಇಲ್ಲಿ ಎಚ್ಚರಿಕೆ ಬೇಕು. ಈ ಪ್ರಸಂಗಗಳನ್ನು ಹೆಣೆದ ‘ಶೂನ್ಯಸಂಪಾದನೆ’ ಹದಿನೈದನೆಯ ಶತಮಾನದ್ದು. ಹನ್ನೆರಡನೆಯ ಶತಮಾನದ ದಿನಚರಿಯಲ್ಲ. ಕಲ್ಯಾಣವನ್ನು ನೆನೆದ ಜನ ಅರಮನೆಗಿಂತ ಕೈಕೆಲಸವನ್ನು ಮುಖ್ಯವೆಂದೆಣಿಸಿದರೆಂಬುದಕ್ಕೆ ಮಾತ್ರ ಅದು ನಿಸ್ಸಂದೇಹವಾದ ಸಾಕ್ಷಿ.

ಮೂರನೆಯ ಆಧಾರ ನೆಲವೇ. ಈ ಜಿಲ್ಲೆಯ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಒಳಗಿಳಿಸಿ, ತನ್ನ ಬುಡದಲ್ಲಿ ಒರತೆಯಾಗಿ ಹೊರಬಿಡುತ್ತದೆ. ಬಹಮನಿಯರ ಕಾಲದ ಬೀದರಿನ ಕರೇಜ್ ಸುರಂಗಗಳು ಈ ಗುಣವನ್ನರಿತು ತೋಡಿದವು. ಬಸವಕಲ್ಯಾಣದ ತ್ರಿಪುರಾಂತಕ ಕೆರೆ ನೀರನ್ನು ಹಿಡಿದಿಡುವ ಇನ್ನೊಂದು ಬಗೆ. 1972ರಂತಹ ಬರಗಾಲಗಳು ಬಂದಿಲ್ಲವೆಂದಲ್ಲ. ಆದರೆ ‘ಮರುಭೂಮಿ’ಯೆಂಬ ಒಂದು ಮಾತು ಬರವನ್ನು ನೆಲದ ಹಣೆಬರಹವೆಂದು ಸಾರಿ, ಹೂಳೆತ್ತದ ಕೆರೆಯ ಹೊಣೆಯಿಂದ ನಮ್ಮನ್ನು ಬಿಡಿಸಿಬಿಡುತ್ತದೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ವಿಕ್ರಮಾದಿತ್ಯನ ಸ್ತುತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯಿದ್ದಾಳೆ. ವಿದ್ಯಾರ್ಥಿಗಳು ಅವಳನ್ನು ಅವಶ್ಯವಾಗಿ ನೋಡಬೇಕು. ನೋಡಿದ ಬಳಿಕ ಊರಿನ ಕೆರೆ, ಬಾವಿ, ಹೊಲಗಳ ಕಡೆಗೂ ನಡೆಯಬೇಕು. ಅವನ್ನು ತೋಡಿದ, ಉತ್ತ ಕೈಗಳ ಹೆಸರು ಅವಳ ಬರಹದಲ್ಲಿಲ್ಲ.