ಹಲಗಿ ಯಾರ ಕೈಯಾಗದ?

ಭಾಲ್ಕಿಯ ಒಂದು ಓಣಿಯಲ್ಲಿ ಭೀಮ ಜಯಂತಿಯ ತಯಾರಿ ಸಭೆ. ಹುಡುಗನೊಬ್ಬ ಹಲಗಿ ತಂದಿದ್ದ. ಹಿರಿಯರೊಬ್ಬರು ತಡೆದರು: ‘ಹೆಣದ ಮುಂದ ಬಾರಿಸೋದು ಬಿಟ್ಟೇವಿ. ಬಾಬಾಸಾಹೇಬರ ಮುಂದ ಯಾಕ ತಂದಿ?’ ಹುಡುಗ ಅಂದ: ‘ನೀವು ಬಿಟ್ಟೀರಿ ಕಾಕಾ, ನಮ್ಮಪ್ಪ ಇನ್ನೂ ಬಾರಿಸ್ತಾನ. ನಿಮಗ ಹಲಗಿ ಬ್ಯಾಡೋ, ನಾವು ಬ್ಯಾಡೋ?’ ಸಭೆ ಸುಮ್ಮನಾಯಿತು. ನಾನೂ ಬಾಯಿ ಬಿಡಲಿಲ್ಲ. ಅಂದು ಆಡಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರ ಮಾತಿಗೆ ಚರಿತ್ರೆಯಿದೆ. 1927ರ ಮಹಾಡದಿಂದಲೂ ಅಂಬೇಡ್ಕರ್ ಹೇಳಿದ್ದು, ಜಾತಿ ಹೇರಿದ ಹೀನ ಕೆಲಸ ಬಿಡಿ ಅಂತ. ಹುಡುಗನ ಮಾತಿಗೂ ಚರಿತ್ರೆಯಿದೆ. ಮಾಂಗ ಸಮುದಾಯದ ಅಣ್ಣಾಭಾವು ಸಾಠೆ 1940ರ ದಶಕದಲ್ಲೇ ತಮಾಶಾವನ್ನು ಕೂಲಿಕಾರರ ವೇದಿಕೆ ಮಾಡಿದರು. ಸಿದ್ಧಲಿಂಗಯ್ಯನವರ 1975ರ ‘ಹೊಲೆಮಾದಿಗರ ಹಾಡು’ ಇಬ್ಬರನ್ನೂ ಒಂದೇ ಹೆಸರಲ್ಲಿ ಕೂಡಿಸಿತು. ಹೆಸರಲ್ಲಿ ಕೂಡಿದವರು ಓಣಿಯಲ್ಲಿ ಕೂಡಿದ್ದಾರೆಯೇ?

ಸಂಘಟನೆಯೂ ಹಾಡುಗಾರನನ್ನು ಹೊರಗೆ ನಿಲ್ಲಿಸಬಲ್ಲದು. ಮುಂಬಯಿಯ ವಿಲಾಸ್ ಘೋಗ್ರೆ ಎಡಪಂಥದ ತಂಡಕ್ಕೆ ಹಾಡಿದವರು, ಕೊನೆಗೆ ಆ ತಂಡದಿಂದಲೇ ಹೊರಬಿದ್ದವರು. 1997ರ ಜುಲೈನಲ್ಲಿ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಜನ ಬಿದ್ದಾಗ, ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡು ಪ್ರಾಣ ಬಿಟ್ಟರು. ಕೆಂಪಿನಲ್ಲಿ ಹಾಡಿದವನು ನೀಲಿಯಲ್ಲಿ ಸತ್ತ. ಇದನ್ನು ಯಾವ ವಿಮರ್ಶೆ ಓದಿದೆ?

ದನಿ ಜೋರಾದರೆ ಸಾಕು, ಬಂಡಾಯವಾಯಿತು ಅನ್ನುವವರೂ ನಮ್ಮಲ್ಲಿದ್ದಾರೆ. ಅಮೆರಿಕದ ಹಾರ್ಡ್‌ಕೋರ್ ಪಂಕ್ ಸಂಗೀತದ್ದೂ ಅದೇ ಕಥೆ. ಅಧಿಕಾರವನ್ನು ಬಯ್ಯುತ್ತ ಹುಟ್ಟಿದ ಆ ಗದ್ದಲದೊಳಗೇ ನಾಜಿ ಚಿಹ್ನೆ ತೊಟ್ಟವರೂ ಕುಣಿಯತೊಡಗಿದರು. 1981ರಲ್ಲಿ ಡೆಡ್ ಕೆನೆಡೀಸ್ ತಂಡ ಅವರನ್ನು ಹೊರಗಟ್ಟುವ ಹಾಡನ್ನೇ ಮಾಡಬೇಕಾಯಿತು. ಬೀದರದಲ್ಲೂ ನೋಡ್ರಿ: ಜಯಂತಿಗೆ ಕುಣಿಸುವ ಡಿಜೆ ಪೆಟ್ಟಿಗೆಯೇ ನಮ್ಮನ್ನು ಹೆದರಿಸುವ ಮೆರವಣಿಗೆಗೂ ಬಾಡಿಗೆಗೆ ಹೋಗ್ತದ. ಪೆಟ್ಟಿಗೆಗೆ ಪಕ್ಷ ಇಲ್ಲ.

ಆದ್ದರಿಂದ ದಲಿತ ವಿಮರ್ಶೆ ಹಾಡಿನ ಸಾಲನ್ನಷ್ಟೇ ತೂಗಿದರೆ ಸಾಲದು. ಬಾರಿಸುವವನು ಒತ್ತಾಯಕ್ಕೆ ಬಾರಿಸುತ್ತಾನೋ, ತನ್ನಿಚ್ಛೆಯಿಂದಲೋ? ಬಾರಿಸಿದ ಮೇಲೆ ಅವನಿಗೆ ಕುರ್ಚಿ ಇದೆಯೋ? ಹೆಣ್ಣುಮಕ್ಕಳು ಕೋರಸ್‌ನಲ್ಲಿ ಮಾತ್ರವೋ, ಮೈಕಿನ ಮುಂದೆಯೂ ಇದ್ದಾರೋ? ಇವೇ ನಮ್ಮ ಛಂದಸ್ಸಿನ ಪ್ರಶ್ನೆಗಳು.

ಊರಿನ ಹೆದರಿಕೆಗೆ ಬಾರಿಸುವ ಹಲಗಿ ಬಿಡಲೇಬೇಕು, ಕಾಕಾ. ಆದರ ಹಲಗಿ ಸಂಗಾಟ ಹುಡುಗನ್ನೂ ಹೊರಗ ಇಟ್ಟರ, ಬಿಟ್ಟಿದ್ದು ಗುಲಾಮಗಿರಿ ಅಲ್ಲ, ತಮ್ಮನ್ನ.